ಹೆಪ್ಪು ಹಾಕಿದ ಹಾಲನ್ನು ಕಲಕುತ್ತಾ ಕೂರುವವರುಂಟೇ? ಪಾಲಿಅನಿಲಿನ್ ಎಳೆಗಳ ಬಗ್ಗೆ ಒಂದು ಉತ್ತರ

ಪ್ರಶ್ನೆ: “ಸರ್, ನಾನು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಜೊತೆಗೆ ಪಾರ್ಟ್‌ಟೈಮ್ ಪಿಎಚ್.ಡಿ. ಅಮೋನಿಯಾ ಸೆನ್ಸರ್‌ಗಾಗಿ, ವಿದ್ಯುತ್ ಹಾಯಿಸುವ ಪಾಲಿಮರ್ ಆದ ಪಾಲಿಅನಿಲಿನ್‌ನ ನ್ಯಾನೊ ಎಳೆಗಳನ್ನು ಮಾಡುವುದು ನನ್ನ ವಿಷಯ. ವಿಧಾನ ಎಲ್ಲರೂ ಮಾಡುವಂಥದ್ದೇ: 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 0.2 ಮೋಲಾರ್ ಅನಿಲಿನ್, ಐಸ್ ಬಾತ್, ಮ್ಯಾಗ್ನೆಟಿಕ್ ಸ್ಟರರ್. ಬ್ಯುರೆಟ್‌ನಿಂದ, ಅನಿಲಿನ್ ಅಣುಗಳನ್ನು ಸರಪಳಿಯಾಗಿ ಕೂಡಿಸುವ ಅಮೋನಿಯಂ ಪರ್‌ಸಲ್ಫೇಟ್ ಅನ್ನು ಒಂದು ಗಂಟೆ ಕಾಲ ಹನಿ ಹನಿಯಾಗಿ ಬಿಡುವುದು. ಮೊದಲ ಸಲ ಮಾಡಿದಾಗ ಐದೇ ನಿಮಿಷಕ್ಕೆ ಕರೆಂಟ್ ಹೋಯಿತು. ದ್ರಾವಣಕ್ಕೆ ಇನ್ನೂ ಬಣ್ಣ ಬಂದಿರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಉಳಿದದ್ದನ್ನೆಲ್ಲ ಒಂದೇ ಸಲ ಸುರಿದು, ಗಾಜಿನ ಕಡ್ಡಿಯಿಂದ ಒಮ್ಮೆ ತಿರುವಿ, ಮುಚ್ಚಿಟ್ಟು ಹೋದೆ. ಎರಡು ತಿಂಗಳಿಗೊಮ್ಮೆ ಸಿಗುವ ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಸ್ಲಾಟ್‌ನಲ್ಲಿ ನೋಡಿದರೆ ಶಾವಿಗೆಯಂಥ ಎಳೆಗಳು! ಸುಮಾರು 50 ನ್ಯಾನೊಮೀಟರ್ ದಪ್ಪ, ನಡುವೆ ಅಲ್ಲಲ್ಲಿ ಉಂಡೆ. ಆಮೇಲೆ ಯುಪಿಎಸ್ ಇಟ್ಟುಕೊಂಡು ಶಾಸ್ತ್ರೋಕ್ತವಾಗಿ ಆರು ಸಲ ಮಾಡಿದೆ. ಆರೂ ಸಲ ಉಪ್ಪಿಟ್ಟಿನಂಥ ಮುದ್ದೆ. ಇನ್ನೂ ನಿಧಾನ ಬಿಡಿ, ಇನ್ನೂ ತಣ್ಣಗಿಡಿ, ಇನ್ನೂ ಜೋರಾಗಿ ಕಲಕಿ ಅನ್ನುತ್ತಾರೆ ನಮ್ಮ ಗೈಡ್. ಅನಿಲಿನ್ ಬಾಟಲಿ ಬದಲಾದದ್ದೇ ಕಾರಣವೇ?

ಇನ್ನೊಂದು ಗೊಂದಲ. ಎಳೆಗಳಿದ್ದ ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆಯ, ಅಂದರೆ ಪೆಲೆಟ್‌ನ ವಾಹಕತೆ ಸೆಂಟಿಮೀಟರಿಗೆ 0.06 ಸೀಮೆನ್ಸ್ ಬಂತು, ಮುದ್ದೆಗಳದ್ದು 2.8. ನ್ಯಾನೊ ಆದರೆ ವಾಹಕತೆ ಹೆಚ್ಚಬೇಕಲ್ಲವೇ? ಮೊದಲ ಬ್ಯಾಚನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಪಿಎಚ್ 7 ಬರುವವರೆಗೆ ತೊಳೆದಿದ್ದೆ, ನಂತರದವನ್ನು ಸಾರರಿಕ್ತ ಆಮ್ಲದಲ್ಲಿ ತೊಳೆದೆ. ಸೋಪಿನಂಥ ಸಿಟಿಎಬಿ ಹಾಕಿಯೂ ನೋಡಿದೆ, ಪರ್‌ಸಲ್ಫೇಟ್ ಬಿದ್ದ ಕೂಡಲೇ ಬೆಳ್ಳನೆ ಗಸಿ ಬಂತು, ಹೆದರಿ ನಿಲ್ಲಿಸಿದೆ. ಸಣ್ಣ ರಂಧ್ರಗಳ ಅಚ್ಚಾಗಿ ಬಳಸುವ ಅಲ್ಯೂಮಿನಾ ಮೆಂಬ್ರೇನ್ ಕೊಳ್ಳಲೇಬೇಕೇ?”

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ಅವುಗಳ ಹಿಂದಿರುವ ಚಿಂತೆ ಮಾತ್ರ ಒಂದೇ: ಒಮ್ಮೆ ಸಿಕ್ಕಿದ್ದು ಅದೃಷ್ಟವಾಗಿದ್ದರೆ ಅದನ್ನು ಥೀಸಿಸ್‌ನಲ್ಲಿ ಹೇಗೆ ಬರೆಯುವುದು? ಅದೃಷ್ಟ ಅಲ್ಲ. ಆ ದಿನ ಕರೆಂಟ್ ಹೋಗಿ ನಿಮಗೆ ಉಪಕಾರವೇ ಆಯಿತು. ಯುಪಿಎಸ್ ಬಂದ ಮೇಲೆ ಎಳೆಗಳು ಹೋದವು.

ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುವುದನ್ನು ನೆನಪಿಸಿಕೊಳ್ಳಿ. ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಬಿಟ್ಟು, ಒಮ್ಮೆ ಚೆನ್ನಾಗಿ ಬೆರೆಸಿ, ಮುಚ್ಚಿ, ಮೂಲೆಗಿಡುತ್ತೇವೆ. ಅದನ್ನು ರಾತ್ರಿಯಿಡೀ ಸೌಟಿನಿಂದ ತಿರುವುತ್ತಾ ಕೂತರೆ ಮೊಸರು ಗಟ್ಟಿಯಾಗಿ ಕೂರುವುದಿಲ್ಲ, ಒಡೆದು ತರಿತರಿಯಾಗುತ್ತದೆ. ಪಾಲಿಅನಿಲಿನ್ ಮೊಸರಲ್ಲ, ಒಳಗೆ ನಡೆಯುವ ರಸಾಯನವೂ ಬೇರೆ. ಆದರೂ ಯಾವಾಗ ಬೆರೆಸಬೇಕು, ಯಾವಾಗ ಕೈ ತೆಗೆಯಬೇಕು ಎಂಬ ಲೆಕ್ಕ ಎರಡಕ್ಕೂ ಒಂದೇ.

ಅನಿಲಿನ್ ಮತ್ತು ಪರ್‌ಸಲ್ಫೇಟ್ ಸೇರಿದ ಕೂಡಲೇ ಬಣ್ಣ ಬರುವುದಿಲ್ಲ, ಅದನ್ನು ನೀವೇ ನೋಡಿದ್ದೀರಿ. ಮೊದಲು ಒಂದು ಮೌನದ ಅವಧಿ ಇರುತ್ತದೆ. ಕೋಣೆಯ ಉಷ್ಣತೆಯಲ್ಲಿ ಕೆಲವೇ ನಿಮಿಷ, ಐಸ್‌ನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಆ ಹೊತ್ತಿನಲ್ಲಿ ಅನಿಲಿನ್ ಅಣುಗಳು ಎರಡೆರಡಾಗಿ, ಮೂರು ನಾಲ್ಕಾಗಿ ಕೂಡುತ್ತಿರುತ್ತವೆ. ಇಷ್ಟು ಉದ್ದದ ಸರಪಳಿಗಳು ದ್ರಾವಣದಲ್ಲಿ ಕರಗಿ ಉಳಿಯಲಾರವು ಎನ್ನುವ ಗಳಿಗೆ ಬಂದಾಗ ಮೊದಲ ಘನ ಕಣಗಳು ಹುಟ್ಟುತ್ತವೆ. ಆಮೇಲೆ ಕ್ರಿಯೆ ಒಮ್ಮೆಗೇ ವೇಗ ಪಡೆಯುತ್ತದೆ, ಬೀಕರ್ ಬೆಚ್ಚಗಾಗುತ್ತದೆ, ಬಣ್ಣ ನೀಲಿಗೆ ತಿರುಗಿ ಹಸಿರಿಗೆ ನಿಲ್ಲುತ್ತದೆ. ಎಳೆಯಾಗಬೇಕೋ ಉಂಡೆಯಾಗಬೇಕೋ ಎಂಬುದು ಹೆಚ್ಚಾಗಿ ತೀರ್ಮಾನವಾಗುವುದು ಈ ಹುಟ್ಟಿನ ಗಳಿಗೆಯಲ್ಲಿ ಮತ್ತು ಅದರ ನಂತರದ ಕೆಲವು ನಿಮಿಷಗಳಲ್ಲಿ.

ಹೆಚ್ಚಿನ ಪಠ್ಯಗಳು ಹೇಳದ ಒಂದು ಸಂಗತಿ ಇಲ್ಲಿದೆ. ಬಲವಾದ ಆಮ್ಲದಲ್ಲಿ ಹುಟ್ಟುವ ಪಾಲಿಅನಿಲಿನ್‌ನ ಸಹಜ ರೂಪವೇ ಎಳೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಿಯಾಶಿಂಗ್ ಹುವಾಂಗ್ ಮತ್ತು ರಿಚರ್ಡ್ ಕೇನರ್ 2003ರಿಂದ 2006ರವರೆಗೆ ಮಾಡಿದ ಕೆಲಸದ ತಿರುಳು ಇದೇ. ಕ್ರಿಯೆ ಶುರುವಾದ ಹೊಸತರಲ್ಲೇ ಮಾದರಿ ತೆಗೆದು ನೋಡಿದರೆ ಎಳೆಗಳಿರುತ್ತವೆ. ಮುಂದೆ ಹೊಸ ಪಾಲಿಮರ್ ತನ್ನದೇ ಬೇರೆ ಎಳೆಯಾಗದೆ ಹಳೆಯ ಎಳೆಯ ಮೈಮೇಲೆ ಹತ್ತಿ ಕೂರಲು ಶುರುವಾದಾಗ ಅವು ಒರಟಾಗಿ, ಊದಿ, ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಹಾಗಾಗಿ ‘ಎಳೆ ಮಾಡುವುದು ಹೇಗೆ’ ಎಂಬ ಪ್ರಶ್ನೆಯನ್ನು ತಿರುಗಿಸಿ, ‘ತಾನಾಗಿ ಬಂದ ಎಳೆಯನ್ನು ನಾನು ಎಲ್ಲಿ ಕೆಡಿಸುತ್ತಿದ್ದೇನೆ’ ಎಂದು ಕೇಳಿಕೊಳ್ಳಿ.

ಕೆಡಿಸುತ್ತಿರುವುದು ಎರಡು ಕಡೆ. ಒಂದು, ಬ್ಯುರೆಟ್. ಒಂದು ಗಂಟೆ ಕಾಲ ಹನಿ ಬಿಟ್ಟರೆ ಮೊದಲ ಕಾಲು ಗಂಟೆಯ ಪರ್‌ಸಲ್ಫೇಟ್‌ಗೆ ಎಳೆಗಳು ಹುಟ್ಟಿದರೂ ಉಳಿದ ಮುಕ್ಕಾಲು ಗಂಟೆಯ ಪ್ರತಿ ಹನಿಯೂ ಆಗಲೇ ತಯಾರಾದ ಎಳೆಗಳ ನಡುವೆ ಬೀಳುತ್ತದೆ. ಹೊಸದಾಗಿ ಹುಟ್ಟುವುದಕ್ಕಿಂತ ಇದ್ದದ್ದರ ಮೇಲೆ ಹತ್ತಿ ಬೆಳೆಯುವುದು ಸುಲಭ. ಕಲ್ಲುಸಕ್ಕರೆ ದಾರದ ಮೇಲೇ ಕಟ್ಟಿಕೊಳ್ಳುವಂತೆ. ಎರಡನೆಯದು, ಸ್ಟರರ್. ಇದನ್ನು ಕೇನರ್ ತಂಡದಲ್ಲಿದ್ದ ಡ್ಯಾನ್ ಲಿ 2006ರಲ್ಲಿ ಸ್ಪಷ್ಟವಾಗಿ ತೋರಿಸಿದರು. ಎಳೆಗಳು ಬೆಳೆಯುತ್ತಿರುವಾಗ ಕಲಕಿದರೆ ಅವು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಮೈಗೆ ಮೈ ಅಂಟುತ್ತದೆ, ಆ ಅಂಟಿನ ಜಾಗದಲ್ಲೇ ಹೊಸ ಪಾಲಿಮರ್ ಹುಟ್ಟಿ ಬೆಸುಗೆ ಹಾಕಿಬಿಡುತ್ತದೆ. ಗೈಡ್ ಮಾತು ಕೇಳಿ ಇನ್ನೂ ಜೋರಾಗಿ ಕಲಕಿದಷ್ಟೂ ಮುದ್ದೆ ಹೆಚ್ಚುತ್ತದೆ.

ಈಗ ನಿಮ್ಮ ಮೊದಲ ಬ್ಯಾಚ್ ನೋಡಿ. ಕರೆಂಟ್ ಹೋದಾಗ ಬಣ್ಣ ಬಂದಿರಲಿಲ್ಲ ಎಂದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ವಾಕ್ಯ ಅದು. ಅಂದರೆ ಇನ್ನೂ ಏನೂ ಹುಟ್ಟಿರಲಿಲ್ಲ. ನೀವು ಆಗ ಪೂರ್ತಿ ಪರ್‌ಸಲ್ಫೇಟ್ ಸುರಿದು, ಒಮ್ಮೆ ಬೆರೆಸಿ, ಕೈ ತೆಗೆದಿರಿ. ಕೇನರ್ ತಂಡ ‘ಕ್ಷಿಪ್ರ ಮಿಶ್ರಣ’ ಎಂದು ಕರೆದ ವಿಧಾನವನ್ನೇ ಬಸ್ಸಿನ ಅವಸರದಲ್ಲಿ ಮಾಡಿದ್ದೀರಿ. ಕರೆಂಟ್ ಅರ್ಧ ಗಂಟೆ ತಡವಾಗಿ, ದ್ರಾವಣ ಹಸಿರಾದ ಮೇಲೆ ಹೋಗಿದ್ದರೆ ಈ ಪತ್ರವನ್ನು ನೀವು ಬರೆಯುತ್ತಲೇ ಇರಲಿಲ್ಲವೇನೋ.

ನಡುನಡುವೆ ಉಂಡೆ ಯಾಕೆ ಬಂತು? ಎಲ್ಲರೂ ಮಾಡುವ ವಿಧಾನ ಎಂದಿದ್ದೀರಿ, ಅಂದರೆ ಪರ್‌ಸಲ್ಫೇಟ್ ಪೂರ್ತಿ ಲೆಕ್ಕದಲ್ಲಿರಬೇಕು. ಎಳೆಗಳು ಹುಟ್ಟಿದ ಮೇಲೂ ಬೇಕಾದಷ್ಟು ಅನಿಲಿನ್, ಬೇಕಾದಷ್ಟು ಪರ್‌ಸಲ್ಫೇಟ್ ಉಳಿದಿರುತ್ತದೆ. ಉಳಿದದ್ದು ಹಳೆಯದರ ಮೇಲೆ ಹತ್ತುತ್ತದೆ. ಇದಕ್ಕೆ ಮದ್ದು ಮುಂದೆ ಹೇಳುತ್ತೇನೆ.

ಹಾಗಾದರೆ ಹನಿ ಹನಿ, ಐಸ್, ಸ್ಟರರ್ ಎಂಬ ಪದ್ಧತಿ ಎಲ್ಲಿಂದ ಬಂತು? ಅದಕ್ಕೂ ಅದರದೇ ನ್ಯಾಯ ಇದೆ, ನಿಮ್ಮ ಗೈಡ್ ಮಾತನ್ನು ತಳ್ಳಿಹಾಕುತ್ತಿಲ್ಲ. ಕ್ರಿಯೆ ಶಾಖ ಉಗುಳುತ್ತದೆ, ದೊಡ್ಡ ಪಾತ್ರೆಯಲ್ಲಿ ಮಾಡುವವರಿಗೆ ಹನಿ ಹನಿ ಬಿಡುವುದು ಸುರಕ್ಷತೆಯ ಮಾತು. ತಣ್ಣಗಿಟ್ಟರೆ ಸರಪಳಿ ಉದ್ದವಾಗುತ್ತದೆ, ಅಡ್ಡ ಕವಲುಗಳು ಕಡಿಮೆ. ಸರಪಳಿಯ ಉದ್ದ ಮುಖ್ಯವಾದವರಿಗೆ ಅದು ಸರಿಯಾದ ದಾರಿ. ಹಿಂದಿನ ಲ್ಯಾಬ್‌ಗಳಲ್ಲಿ ಹೆಚ್ಚಿನವರಿಗೆ ಕಣದ ಆಕಾರ ಬೇಕಿರಲಿಲ್ಲ, ಅದನ್ನು ನೋಡಿದವರೂ ಕಡಿಮೆ. ಪದ್ಧತಿ ಮಾತ್ರ ಒಂದು ಥೀಸಿಸ್‌ನಿಂದ ಇನ್ನೊಂದಕ್ಕೆ ದಾಟುತ್ತಾ ಬಂತು. ಒಂದು ತಮಾಷೆ ಹೇಳಲೇ? ಪಾಲಿಅನಿಲಿನ್ ಮಾಡುವುದಕ್ಕೆ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿ 2002ರಲ್ಲಿ ಒಂದು ತಾಂತ್ರಿಕ ವರದಿ ಪ್ರಕಟಿಸಿತು. 0.2 ಮೋಲಾರ್ ಅನಿಲಿನ್ ಹೈಡ್ರೋಕ್ಲೋರೈಡ್, 0.25 ಮೋಲಾರ್ ಪರ್‌ಸಲ್ಫೇಟ್, ಕೋಣೆಯ ಉಷ್ಣತೆ. ಎರಡನ್ನೂ ಒಂದೇ ಸಲ ಬೀಕರಿಗೆ ಹಾಕಿ, ಸ್ವಲ್ಪ ಹೊತ್ತು ಕಲಕಿ, ಮರುದಿನದವರೆಗೆ ಸುಮ್ಮನೆ ಬಿಡಿ ಎನ್ನುತ್ತದೆ ಅದು. ಐದು ಸಂಸ್ಥೆಗಳ ಎಂಟು ಮಂದಿ ಹಾಗೆ ಮಾಡಿದ 59 ಮಾದರಿಗಳ ಸರಾಸರಿ ವಾಹಕತೆ ಸೆಂಟಿಮೀಟರಿಗೆ 4.4 ಸೀಮೆನ್ಸ್, ಏರುಪೇರು 1.7. ಈ ಕೊನೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಪಳಗಿದ ಕೈಗಳು ಒಂದೇ ವಿಧಾನ ಅನುಸರಿಸಿದರೂ ಇಷ್ಟು ಏರುಪೇರು. ನಿಮ್ಮ ಬ್ಯಾಚುಗಳಲ್ಲಿ 2.5 ಒಂದರಲ್ಲಿ, 3.5 ಇನ್ನೊಂದರಲ್ಲಿ ಬಂದರೆ ಅದಕ್ಕೊಂದು ಸಿದ್ಧಾಂತ ಕಟ್ಟಲು ಹೋಗಬೇಡಿ.

ಆದರೆ 0.06 ಬೇರೆ ವಿಷಯ. ಅದು ಏರುಪೇರಲ್ಲ, ತೊಳೆದ ನೀರಿನ ಕೆಲಸ.

ಹಸಿರು ಪಾಲಿಅನಿಲಿನ್ ವಿದ್ಯುತ್ ಹಾಯಿಸುವುದು ಅದರ ಸಾರಜನಕಗಳ ಮೇಲೆ ಆಮ್ಲದ ಪ್ರೋಟಾನ್ ಕೂತಿರುವುದರಿಂದ. ಆ ಪ್ರೋಟಾನ್‌ಗಳನ್ನು ಪೂರ್ತಿ ಕಿತ್ತುಕೊಂಡರೆ ಉಳಿಯುವ ನೀಲಿ ಬೇಸ್‌ನ ವಾಹಕತೆ 10ರ ಮೈನಸ್ 9ನೇ ಘಾತದ ಆಸುಪಾಸು, ಹೆಚ್ಚುಕಡಿಮೆ ಅವಾಹಕವೇ. ಡಿಸ್ಟಿಲ್ಡ್ ವಾಟರ್‌ನಲ್ಲಿ ಪಿಎಚ್ 7 ಬರುವವರೆಗೆ ತೊಳೆಯುವುದೆಂದರೆ ಆ ಆಮ್ಲವನ್ನು ಕಂತು ಕಂತಾಗಿ ಹೊರಗೆ ಕಳಿಸುವುದು. ಮುದ್ದೆಯಾದರೆ ಹೊರಮೈಯಷ್ಟೇ ಕಳೆದುಕೊಳ್ಳುತ್ತದೆ, ಒಳಗಿನದು ಉಳಿಯುತ್ತದೆ. 50 ನ್ಯಾನೊಮೀಟರ್ ಎಳೆಗೆ ಒಳಗು ಎನ್ನುವುದೇ ಕಡಿಮೆ, ನೀರು ಎಲ್ಲೆಡೆ ತಲುಪುತ್ತದೆ. ನಿಮಗೆ ಎಳೆ ಸಿಕ್ಕ ಬ್ಯಾಚನ್ನೇ ನೀವು ಅತಿ ಶ್ರದ್ಧೆಯಿಂದ ತೊಳೆದಿರಿ. ಮುಂದಿನ ಸಲ 0.2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಕೊನೆಗೆ ಅಸಿಟೋನ್ ಹಾಯಿಸಿ. ಆ ಹಳೆಯ ಪುಡಿ ಇನ್ನೂ ಇದ್ದರೆ ಎಸೆಯಬೇಡಿ. 1 ಮೋಲಾರ್ ಆಮ್ಲದಲ್ಲಿ ಒಂದು ರಾತ್ರಿ ನೆನೆಸಿ, ಒಣಗಿಸಿ, ಮತ್ತೆ ಪೆಲೆಟ್ ಒತ್ತಿ ಅಳೆಯಿರಿ. ಒಣಗಿಸುವಾಗ ಓವನ್ 60 ಡಿಗ್ರಿ ದಾಟದಿರಲಿ, ಹೈಡ್ರೋಕ್ಲೋರಿಕ್ ಆಮ್ಲ ಬಿಸಿಗೂ ಎದ್ದುಹೋಗುತ್ತದೆ. ಅಳೆಯುವ ದಿನದ ತೇವಾಂಶವನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. ಚೆನ್ನಾಗಿ ಒಣಗಿದ ಪಾಲಿಅನಿಲಿನ್‌ಗಿಂತ ಸ್ವಲ್ಪ ತೇವ ಇರುವುದು ಹೆಚ್ಚು ಹಾಯಿಸುತ್ತದೆ. ಮಳೆಗಾಲದ ಅಳತೆ, ಬೇಸಿಗೆಯ ಅಳತೆ ಒಂದೇ ಆಗಿರಬೇಕಿಲ್ಲ.

ಈಗ ‘ನ್ಯಾನೊ ಆದರೆ ವಾಹಕತೆ ಹೆಚ್ಚಬೇಕು’ ಎಂಬ ಮಾತಿಗೆ ಬರೋಣ. ಸೆಮಿನಾರ್‌ಗಳಲ್ಲಿ ನಾನು ಕೇಳುವ ತಪ್ಪುಗಳಲ್ಲಿ ಇದೇ ಹಠಮಾರಿ. ವಾಹಕತೆಯನ್ನು ನಿರ್ಧರಿಸುವುದು ಸರಪಳಿಗಳು ಎಷ್ಟು ನೆಟ್ಟಗೆ, ಎಷ್ಟು ಒತ್ತಾಗಿ ಕೂತಿವೆ, ಪ್ರೋಟಾನ್ ಎಷ್ಟಿದೆ, ಕಣದಿಂದ ಕಣಕ್ಕೆ ದಾಟುವಲ್ಲಿ ಅಡ್ಡಿ ಎಷ್ಟು ಎಂಬುದು. ಪೆಲೆಟ್‌ನೊಳಗೆ ಎಳೆಗಳ ರಾಶಿ ಎಂದರೆ ಒಣಹುಲ್ಲಿನ ಬಣವೆ. ಒಂದು ಹುಲ್ಲಿನಿಂದ ಇನ್ನೊಂದಕ್ಕೆ ತಾಗುವ ಜಾಗ ಚಿಕ್ಕದು, ನಡುವೆ ಗಾಳಿ. ಎಳೆಯ ಪೆಲೆಟ್ ಮುದ್ದೆಯ ಪೆಲೆಟ್‌ನಷ್ಟೇ ಹಾಯಿಸಿದರೂ ಸಂತೋಷಪಡಿ. ಪಾಲಿಅನಿಲಿನ್‌ನಲ್ಲಿ ಸೆಂಟಿಮೀಟರಿಗೆ 1000 ಸೀಮೆನ್ಸ್ ದಾಟಿದ ವರದಿ 2006ರಲ್ಲಿ ಬಂತು, ನೊಬೆಲ್ ಪಡೆದ ಅಲನ್ ಹೀಗರ್ ಕೂಡ ಅದರಲ್ಲಿದ್ದರು. ಅಲ್ಲಿ ಮಾಡಿದ್ದು ದೋಷಗಳು ಕಡಿಮೆ ಇರುವ ಸರಪಳಿ ಬೆಳೆಸಿ, ಕ್ಯಾಂಫರ್ ಸಲ್ಫೋನಿಕ್ ಆಮ್ಲದ ಜೊತೆ ಫಿಲ್ಮ್ ಮಾಡಿದ್ದು. ನ್ಯಾನೊ ಆಕಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ ತಪ್ಪಿನೊಳಗೂ ಒಂದು ಹಿಡಿ ನಿಜ ಇದೆ, ಅದನ್ನೂ ಹೇಳಬೇಕು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಸಣ್ಣ ರಂಧ್ರಗಳಿರುವ ಮೆಂಬ್ರೇನ್‌ಗಳೊಳಗೆ ವಾಹಕ ಪಾಲಿಮರ್ ಬೆಳೆಸಿದಾಗ, ರಂಧ್ರ ಕಿರಿದಾದಷ್ಟೂ ವಾಹಕತೆ ಹೆಚ್ಚಿದ್ದನ್ನು ಕಂಡರು. ಕಾರಣ, ರಂಧ್ರದ ಗೋಡೆಗೆ ಒತ್ತಿ ಬೆಳೆದ ಸರಪಳಿಗಳು ಗೋಡೆಯ ಉದ್ದಕ್ಕೂ ಸಾಲಾಗಿ ನಿಲ್ಲುತ್ತವೆ. ರಂಧ್ರ ಸಣ್ಣದಾದಷ್ಟೂ ಹಾಗೆ ಸಾಲು ಹಿಡಿದ ಪಾಲು ಹೆಚ್ಚು. ಬೀಕರಿನಲ್ಲಿ ತೇಲುತ್ತಾ ಹುಟ್ಟುವ ಎಳೆಗೆ ಆ ಗೋಡೆ ಇಲ್ಲ. ಅಲ್ಲಿನ ಮಾತನ್ನು ಇಲ್ಲಿಗೆ ತಂದು ಹಾಕಿದ್ದರಿಂದ ಈ ಗೊಂದಲ ಹುಟ್ಟಿದೆ.

ಮೇಲಾಗಿ, ನಿಮಗೆ ಅಷ್ಟು ವಾಹಕತೆ ಯಾಕೆ ಬೇಕು? ನಿಮ್ಮದು ಅಮೋನಿಯಾ ಸೆನ್ಸರ್. ಅಮೋನಿಯಾ ಬಂದು ಪ್ರೋಟಾನ್ ಕಿತ್ತುಕೊಂಡಾಗ ರೋಧ ಏರುತ್ತದೆ, ನೀವು ಅಳೆಯುವುದು ಆ ಏರಿಕೆಯನ್ನು. ದಪ್ಪ ಫಿಲ್ಮ್‌ನಲ್ಲಿ ಅನಿಲ ಒಳಗೆ ಇಳಿಯಲು ಹೊತ್ತು ಬೇಕು, ಎಳೆಗಳ ಹಾಸಿನಲ್ಲಿ ಬೇಡ. ಎಳೆಯ ಲಾಭ ಇರುವುದು ಆ ವೇಗದಲ್ಲಿ. ನಿಮ್ಮ ವೈವಾದಲ್ಲಿ ಯಾರಾದರೂ ವಾಹಕತೆ ಯಾಕೆ ಕಡಿಮೆ ಎಂದರೆ ಪ್ರತಿಸ್ಪಂದನೆಯ ಗ್ರಾಫನ್ನು ಮುಂದಿಡಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ನನ್ನ ಮೊದಲ ಆಯ್ಕೆ ನೀವು ಆಗಲೇ ಅರ್ಧ ಮಾಡಿದ ಕ್ಷಿಪ್ರ ಮಿಶ್ರಣವೇ, ಸ್ವಲ್ಪ ತಿದ್ದುಪಡಿಯೊಂದಿಗೆ. 10 ಮಿಲಿಲೀಟರ್ 1 ಮೋಲಾರ್ ಆಮ್ಲದಲ್ಲಿ 0.3 ಗ್ರಾಂ ಅನಿಲಿನ್, ಇನ್ನೊಂದು 10 ಮಿಲಿಲೀಟರ್ ಅದೇ ಆಮ್ಲದಲ್ಲಿ 0.18 ಗ್ರಾಂ ಪರ್‌ಸಲ್ಫೇಟ್. ಮೋಲ್ ಲೆಕ್ಕದಲ್ಲಿ ಇದು ನಾಲ್ಕಕ್ಕೆ ಒಂದು. ಎರಡೂ ಕೋಣೆಯ ಉಷ್ಣತೆಯಲ್ಲಿರಲಿ. ಒಂದನ್ನು ಇನ್ನೊಂದರೊಳಗೆ ಒಮ್ಮೆಗೇ ಸುರಿದು, ಮುಚ್ಚಳ ಹಾಕಿ, ಹತ್ತು ಸೆಕೆಂಡು ಚೆನ್ನಾಗಿ ಅಲುಗಿಸಿ. ಬಣ್ಣ ಬರುವ ಮುಂಚೆ ಪೂರ್ತಿ ಬೆರೆತಿರಬೇಕು, ಬಂದ ಮೇಲೆ ಮುಟ್ಟಬಾರದು. ಪರ್‌ಸಲ್ಫೇಟ್ ಕಡಿಮೆ ಹಾಕಿರುವುದು ಬೇಕೆಂದೇ. ಎಲ್ಲ ಎಳೆಗಳೂ ಒಟ್ಟಿಗೇ ಹುಟ್ಟುವಷ್ಟರಲ್ಲಿ ಅದು ಖರ್ಚಾಗಿಬಿಡಬೇಕು, ಹಳೆಯ ಎಳೆಯ ಮೇಲೆ ಹತ್ತಲು ಉಳಿಯಬಾರದು. ನಷ್ಟ ಇಳುವರಿಯಲ್ಲಿ. ಒಂದು ಮೋಲ್ ಅನಿಲಿನ್‌ಗೆ 1.25 ಮೋಲ್ ಪರ್‌ಸಲ್ಫೇಟ್ ಬೇಕಾದ ಕಡೆ ನೀವು ಕಾಲು ಮೋಲ್ ಕೊಟ್ಟಿದ್ದೀರಿ. ಹಾಗಾಗಿ ಐದರಲ್ಲಿ ಒಂದು ಪಾಲು ಅನಿಲಿನ್ ಮಾತ್ರ ಪಾಲಿಮರ್ ಆಗುತ್ತದೆ, ಕೈಗೆ ಸಿಗುವುದು 60–70 ಮಿಲಿಗ್ರಾಂ. ಸೆನ್ಸರ್‌ಗೆ ಅದು ಧಾರಾಳ. ಸೋಸಿದ ನೀರಿನಲ್ಲಿ ಉಳಿದ ಅನಿಲಿನ್ ಇರುತ್ತದೆ, ಅದನ್ನು ಸಿಂಕ್‌ಗೆ ಬಿಡಬೇಡಿ. ಅನಿಲಿನ್ ಚರ್ಮದ ಮೂಲಕವೂ ದೇಹಕ್ಕೆ ಇಳಿದು ರಕ್ತ ಆಮ್ಲಜನಕ ಹೊರುವುದನ್ನು ಕೆಡಿಸುತ್ತದೆ. ಗ್ಲೌಸ್, ಫ್ಯೂಮ್ ಹುಡ್ ಎರಡೂ ಬೇಕು.

ಇದೇ ಪಾಕವನ್ನು ಎರಡು ಲೀಟರಿಗೆ ಏರಿಸುವ ಆಸೆ ಬಂದರೆ ತಡೆಯಿರಿ. 20 ಮಿಲಿಲೀಟರಿನ ಶಾಖ ಗಾಜಿನ ಗೋಡೆಯಿಂದ ಹೊರಗೆ ಹೋಗುತ್ತದೆ, ಎರಡು ಲೀಟರಿನದು ಹೋಗಲು ದಾರಿಯಿಲ್ಲ. ಹೆಚ್ಚು ಬೇಕಿದ್ದರೆ ಇಪ್ಪತ್ತು ಸಣ್ಣ ಬಾಟಲಿಗಳಲ್ಲಿ ಮಾಡಿ ಕೂಡಿಸಿ. ಬೇಸರದ ಕೆಲಸ, ಆದರೆ ಸುರಕ್ಷಿತ.

ಎರಡನೆಯದು ಎರಡು ದ್ರವಗಳ ಗಡಿಯಲ್ಲಿ ಬೆಳೆಸುವ ವಿಧಾನ. ಟಾಲ್ಯೂಯೀನ್ ಅಥವಾ ಕ್ಲೋರೋಫಾರ್ಮ್‌ನಲ್ಲಿ ಅನಿಲಿನ್, ಆಮ್ಲದ ನೀರಿನಲ್ಲಿ ಪರ್‌ಸಲ್ಫೇಟ್, ಎರಡನ್ನೂ ಕಲಕದೆ ಒಂದರ ಮೇಲೊಂದು ನಿಲ್ಲಿಸುವುದು. ಕೆಲವು ನಿಮಿಷಕ್ಕೆ ಗಡಿಯಲ್ಲಿ ಹಸಿರು ಕಾಣುತ್ತದೆ, ಆಮೇಲೆ ಹೊಗೆಯಂತೆ ನೀರಿನೊಳಗೆ ಹರಡುತ್ತದೆ. ಲ್ಯಾಬ್‌ನಲ್ಲಿ ಕಣ್ಣಿಗೆ ಹಬ್ಬವೆನಿಸುವ ಪ್ರಯೋಗಗಳಲ್ಲಿ ಇದೊಂದು, ನಿಮ್ಮ ಬಿ.ಎಸ್‌ಸಿ ಮಕ್ಕಳಿಗೆ ತೋರಿಸಿ. ಹುಟ್ಟಿದ ಎಳೆ ನೀರಿಗೆ ಒಲಿಯುವುದರಿಂದ ಕ್ರಿಯೆಯ ಜಾಗ ಬಿಟ್ಟು ದೂರ ಸರಿಯುತ್ತದೆ, ಮೇಲೆ ಇನ್ನೊಂದು ಪದರ ಹತ್ತಲು ಅವಕಾಶವೇ ಸಿಗುವುದಿಲ್ಲ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 30–50 ನ್ಯಾನೊಮೀಟರ್ ದಪ್ಪ, ಪರ್‌ಕ್ಲೋರಿಕ್ ಆಮ್ಲದಲ್ಲಿ 120ರ ಹತ್ತಿರ. ದಪ್ಪ ಬದಲಿಸಬೇಕಾದವರಿಗೆ ಆಮ್ಲ ಬದಲಿಸುವುದೇ ಸುಲಭದ ಗುಂಡಿ. ತೊಡಕು ಸಾವಯವ ದ್ರಾವಕದ್ದು, ಆ ಕಸವನ್ನು ವಿಲೇವಾರಿ ಮಾಡುವುದು ಯಾರು?

ಮೂರನೆಯದು ನಿಜವಾದ ಹೆಪ್ಪೇ. ಟೆಕ್ಸಾಸ್‌ನಲ್ಲಿ ಸಂಜೀವ ಮನೋಹರ್ ಅವರ ತಂಡ 2004ರಲ್ಲಿ ತೋರಿಸಿದ್ದು ಇದು. ಕೆಲವೇ ಮಿಲಿಗ್ರಾಂ ಎಳೆಯಾಕಾರದ ವಸ್ತುವನ್ನು ಮೊದಲೇ ಬೀಜವಾಗಿ ಹಾಕಿದರೆ, ಸಾಮಾನ್ಯ ವಿಧಾನದಲ್ಲೂ ಇಡೀ ಬ್ಯಾಚ್ ಎಳೆಯಾಗುತ್ತದೆ. ಹೆಪ್ಪು ಯಾವುದೋ ಮೊಸರು ಅದು. ಇದರ ಉಲ್ಟಾ ಪರಿಣಾಮವನ್ನು ನಾನೇ ಅನುಭವಿಸಿದ್ದೇನೆ. ನಾನು ಹೊಸಬನಾಗಿದ್ದಾಗ ಮ್ಯಾಗ್ನೆಟಿಕ್ ಬಾರ್‌ಗೆ ಹಳೆಯ ಹಸಿರು ಕಲೆ ಅಂಟಿಕೊಂಡಿತ್ತು, ಬೀಕರಿನ ಗೋಡೆಗೂ. ತೊಳೆದಿದ್ದೇನೆ ಅಂದುಕೊಂಡಿದ್ದೆ. ಬಣ್ಣ ಬರುವ ಹೊತ್ತು ಪ್ರತಿ ಸಲವೂ ಒಂದಿಷ್ಟು ಬೇಗ ಆಗುತ್ತಾ ಹೋಯಿತು, ಎಳೆಗಳು ಒರಟಾಗುತ್ತಾ ಹೋದವು. ಮೂರು ತಿಂಗಳು ರಾಸಾಯನಿಕಗಳ ಬಾಟಲಿಗಳನ್ನು ಬೈದ ಮೇಲೆ ಗೊತ್ತಾಯಿತು, ಹಳೆಯ ಮುದ್ದೆಯನ್ನೇ ಹೆಪ್ಪಾಗಿ ಹಾಕುತ್ತಿದ್ದೆ. ನಿಮ್ಮ ಆರು ಬ್ಯಾಚ್‌ಗೂ ಒಂದೇ ಬೀಕರ್, ಒಂದೇ ಬಾರ್ ಬಳಸಿದ್ದೀರಾ? ಈ ಸಲ ಹೊಸ ಗಾಜಿನ ವೈಯಲ್ ತೆಗೆದುಕೊಳ್ಳಿ.

ಅನಿಲಿನ್ ಬಾಟಲಿಯ ಅನುಮಾನ ಪೂರ್ತಿ ಸುಳ್ಳಲ್ಲ. ಹಳೆಯ ಅನಿಲಿನ್ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅದರೊಳಗಿನ ಕಲ್ಮಶಗಳು ಹುಟ್ಟಿನ ಗಳಿಗೆಯನ್ನು ಹಿಂದೆ ಮುಂದೆ ತಳ್ಳುತ್ತವೆ. ಕಡಿಮೆ ಒತ್ತಡದಲ್ಲಿ ಬಟ್ಟಿ ಇಳಿಸಿ, ಬಣ್ಣವಿಲ್ಲದ್ದನ್ನು ಬಳಸಿ. ತೇವ ಹಿಡಿದ ಪರ್‌ಸಲ್ಫೇಟ್ ಕೂಡ ತನ್ನ ಶಕ್ತಿ ಕಳೆದುಕೊಂಡಿರುತ್ತದೆ. ಆದರೂ ಆರಕ್ಕೆ ಆರು ಸಲ ಮುದ್ದೆಯಾದದ್ದಕ್ಕೆ ಬಾಟಲಿಯೊಂದನ್ನೇ ದೂರಲಾರೆ. ಅಂದಹಾಗೆ ಆ ಬಾಟಲಿಯ ಹೆಸರಿನಲ್ಲಿರುವುದು ನಮ್ಮ ‘ನೀಲ’ವೇ. ನೀಲಿ ಗಿಡದ ಬಣ್ಣ ಅರಬ್ಬರ ಕೈ ದಾಟಿ ಪೋರ್ಚುಗೀಸರಲ್ಲಿ ‘ಅನಿಲ್’ ಆಯಿತು. 1840ರಲ್ಲಿ ಆ ನೀಲಿಯನ್ನು ಕ್ಷಾರದ ಜೊತೆ ಬಟ್ಟಿ ಇಳಿಸಿದ ಫ್ರಿಟ್ಶೆ, ಬಂದ ಎಣ್ಣೆಗೆ ಅನಿಲಿನ್ ಎಂದು ಹೆಸರಿಟ್ಟ. 1862ರಲ್ಲಿ ಲಂಡನ್ನಿನ ಹೆನ್ರಿ ಲೆಥಬಿ ಅದನ್ನು ಗಂಧಕಾಮ್ಲದಲ್ಲಿ ಹಾಕಿ ವಿದ್ಯುತ್ ಹರಿಸಿದಾಗ ವಿದ್ಯುದ್ವಾರದ ಮೇಲೆ ಕಡುನೀಲಿ ಪದರ ಕೂತಿತು. ಇದು ವಿದ್ಯುತ್ ಹಾಯಿಸುತ್ತದೆ ಎಂದು ಕೇಳುವ ಆಲೋಚನೆ ಆಗ ಯಾರಿಗೂ ಬರಲಿಲ್ಲ.

ಸಿಟಿಎಬಿಯ ಬೆಳ್ಳನೆ ಗಸಿಗೆ ಹೆದರಬೇಕಿರಲಿಲ್ಲ. ಸಿಟಿಎಬಿಯ ಧನ ಅಯಾನು ಮತ್ತು ಪರ್‌ಸಲ್ಫೇಟ್‌ನ ಋಣ ಅಯಾನು ಸೇರಿ ನೀರಿನಲ್ಲಿ ಕರಗದ ಲವಣವಾಗುತ್ತವೆ. ಆ ಪದರ ಪದರದ ಲವಣವೇ ಅಚ್ಚಿನಂತೆ ಕೆಲಸ ಮಾಡುತ್ತದೆ. ಇನ್ನೊಂದು ವಾಹಕ ಪಾಲಿಮರ್ ಆದ ಪಾಲಿಪಿರೋಲ್‌ನಲ್ಲಿ ತಂತಿ, ಪಟ್ಟಿಗಳನ್ನು ಹಾಗೆ ಬೆಳೆಸಿದ್ದಾರೆ. ನಾನಾಗಿ ಈ ದಾರಿ ಹಿಡಿಯಲಾರೆ. ಸೋಪಿನಂಥ ಈ ಅಣುಗಳನ್ನು ಆಮೇಲೆ ತೊಳೆದು ತೆಗೆಯುವುದು ತಲೆನೋವು, ಉಳಿದುಬಿಟ್ಟರೆ ಸೆನ್ಸರ್‌ಗೆ ಅಡ್ಡಿ. ಅಚ್ಚು ಬೇಡದೆ ಬರುವ ವಸ್ತುವಿಗೆ ಅಚ್ಚು ಯಾಕೆ?

ಅದೇ ಮಾತು ಅಲ್ಯೂಮಿನಾ ಮೆಂಬ್ರೇನ್‌ಗೂ. ಎಲ್ಲ ಎಳೆಗಳೂ ಒಂದೇ ದಪ್ಪ, ಒಂದೇ ಉದ್ದ, ಒಂದೇ ದಿಕ್ಕಿಗೆ ನಿಂತಿರಬೇಕು ಎನ್ನುವವರಿಗೆ ಅದಕ್ಕಿಂತ ಚೆನ್ನಾದದ್ದಿಲ್ಲ. ಪಾಲಿಮರ್ ಮೊದಲು ರಂಧ್ರದ ಗೋಡೆಗೆ ಹತ್ತುವುದರಿಂದ ಬೇಗ ನಿಲ್ಲಿಸಿದರೆ ಕೊಳವೆ, ತಡವಾಗಿ ನಿಲ್ಲಿಸಿದರೆ ಕಡ್ಡಿ. ಆದರೆ ಸಿಗುವುದು ಕೆಲವು ಮಿಲಿಗ್ರಾಂ. ಅಲ್ಯೂಮಿನಾವನ್ನು ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸುವಾಗ ನಿಮ್ಮ ಪಾಲಿಅನಿಲಿನ್‌ನ ಪ್ರೋಟಾನ್ ಎಲ್ಲ ಹೋಗುತ್ತದೆ, ಮತ್ತೆ ಆಮ್ಲ ಕುಡಿಸಬೇಕು. ನಿಮ್ಮ ಸೆನ್ಸರ್‌ಗೆ ಇಷ್ಟೆಲ್ಲ ಬೇಡ, ದುಡ್ಡು ಉಳಿಸಿ.

ಅಸಿಟಿಕ್ ಆಮ್ಲದಂಥ ದುರ್ಬಲ ಆಮ್ಲದಲ್ಲಿ ಮಾಡಿದರೆ ನ್ಯಾನೊ ಕೊಳವೆ ಬರುತ್ತದೆ ಎಂದು ಯಾರಾದರೂ ಹೇಳಬಹುದು. ನಿಜ, ಬರುತ್ತದೆ. ಅಲ್ಲಿ ಪಿಎಚ್ ಮೇಲಿನಿಂದ ಶುರುವಾಗಿ ಕ್ರಿಯೆ ನಡೆದಂತೆ ಇಳಿಯುತ್ತದೆ. ಮೇಲಿದ್ದಾಗ ಚಿಕ್ಕ, ಹಾಯಿಸದ ತುಣುಕುಗಳು ಹುಟ್ಟಿ ಅಡಿಪಾಯವಾಗುತ್ತವೆ. ಪಿಎಚ್ 2.5ಕ್ಕಿಂತ ಕೆಳಗಿಳಿದ ಮೇಲೆ ನಿಜವಾದ ಪಾಲಿಅನಿಲಿನ್ ಅವುಗಳ ಮೇಲೆ ಬೆಳೆಯುತ್ತದೆ. ಆ ತುಣುಕುಗಳು ಉತ್ಪನ್ನದಲ್ಲೇ ಉಳಿಯುವುದರಿಂದ ವಾಹಕತೆ ಕಡಿಮೆ. ಬೇರೆಯದೇ ಥೀಸಿಸ್‌ನ ವಿಷಯ ಅದು.

ಎಸ್‌ಇಎಂಗೆ ಕಳಿಸುವ ಬಗ್ಗೆ ಒಂದು ಮಾತು, ಎರಡು ತಿಂಗಳಿಗೊಂದು ಸ್ಲಾಟ್ ಎಂದಿರಲ್ಲ, ಅದಕ್ಕೆ. ಸೋಸಿ ಒಣಗಿಸಿದ ಪುಡಿಯನ್ನು ಕಾರ್ಬನ್ ಟೇಪಿಗೆ ಒತ್ತಿ ಕಳಿಸಬೇಡಿ. ಒಣಗುವಾಗ ನೀರಿನ ಎಳೆತಕ್ಕೆ ಎಳೆಗಳು ಒಂದರ ಮೇಲೊಂದು ಕುಸಿದು ಮುದ್ದೆಯಂತೆ ಕಾಣುತ್ತವೆ. ತೊಳೆದ ಎಳೆಗಳನ್ನು ಪಿಎಚ್ 2.6ರ ಆಸುಪಾಸಿನ ನೀರಿನಲ್ಲಿ ಹರಡಿ, ಚಹಾ ಡಿಕಾಕ್ಷನ್ನಿಗಿಂತ ತೆಳ್ಳಗೆ ಮಾಡಿ, ಸಿಲಿಕಾನ್ ತುಂಡಿನ ಮೇಲೆ ಒಂದೇ ಹನಿ ಬಿಟ್ಟು ಒಣಗಿಸಿ. ಕಳಿಸುವ ಮುಂಚೆ ನಿಮ್ಮಲ್ಲೇ ಒಂದು ಪರೀಕ್ಷೆ ಮಾಡಬಹುದು. ಅದೇ ತೆಳು ದ್ರವವನ್ನು ಟೆಸ್ಟ್ ಟ್ಯೂಬಿನಲ್ಲಿ ಮರುದಿನದವರೆಗೆ ನಿಲ್ಲಿಸಿ. ಎಳೆಗಳಿದ್ದರೆ ಹಸಿರು ತೇಲುತ್ತಲೇ ಇರುತ್ತದೆ, ಮುದ್ದೆಯಾದರೆ ತಳಕ್ಕೆ ಕೂತು ಮೇಲೆ ನೀರು ತಿಳಿಯಾಗುತ್ತದೆ. ಇದು ಪುರಾವೆ ಅಲ್ಲ, ಸೂಚನೆ. ಸ್ಲಾಟ್ ಹಾಳಾಗುವುದು ತಪ್ಪುತ್ತದೆ.

ಎಳೆಗಳ ಹಾಸನ್ನು ಕ್ಯಾಮೆರಾ ಫ್ಲಾಶ್ ಹಚ್ಚಿ ತೀರಾ ಹತ್ತಿರದಿಂದ ಫೋಟೋ ತೆಗೆಯಬೇಡಿ. ಎಳೆ ಬೆಳಕನ್ನು ನುಂಗಿ ಕ್ಷಣದಲ್ಲಿ ಬಿಸಿಯಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತದೆ. ಹುವಾಂಗ್ ಮತ್ತು ಕೇನರ್ 2004ರಲ್ಲಿ ಇದನ್ನೇ ಒಂದು ಬೆಸುಗೆ ವಿಧಾನವಾಗಿ ಪ್ರಕಟಿಸಿದರು.

ಮುಂದಿನ ಸ್ಲಾಟ್‌ಗೆ ಮುಂಚೆ ಮಾಡಬೇಕಾದದ್ದು ಇಷ್ಟು. ಒಂದೇ ಬಾಟಲಿಯ ಅನಿಲಿನ್, ಒಂದೇ ದಿನ, ನಾಲ್ಕು ಹೊಸ ಬೀಕರ್. ಪಾಕ ಮೇಲೆ ಹೇಳಿದ ನಾಲ್ಕಕ್ಕೆ ಒಂದರದೇ, ಕೋಣೆಯ ಉಷ್ಣತೆ. ಮೊದಲನೆಯದರಲ್ಲಿ ಒಮ್ಮೆಗೇ ಸುರಿದು ಬಿಡುವುದು, ಎರಡನೆಯದರಲ್ಲಿ ಒಮ್ಮೆಗೇ ಸುರಿದು ಕಲಕುತ್ತಿರುವುದು. ಮೂರನೆಯದರಲ್ಲಿ ಹನಿ ಹನಿಯಾಗಿ ಬಿಟ್ಟು, ಪ್ರತಿ ಹನಿ ಬೆರೆಯುವಷ್ಟೇ ತಿರುವಿ ನಿಲ್ಲಿಸುವುದು, ನಾಲ್ಕನೆಯದು ನಿಮ್ಮ ಗೈಡ್ ಹೇಳಿದಂತೆ ಹನಿ ಹನಿ ಮತ್ತು ಸ್ಟರರ್. ಪ್ರತಿಯೊಂದರಲ್ಲೂ ಬಣ್ಣ ಬಂದ ನಿಮಿಷ ಬರೆಯಿರಿ. ನಾಲ್ಕನ್ನೂ 0.2 ಮೋಲಾರ್ ಆಮ್ಲದಲ್ಲೇ ತೊಳೆಯಿರಿ. ಪ್ರತಿಯೊಂದರಿಂದ ಒಂದೊಂದು ಹನಿ, ಒಂದೇ ಸ್ಲಾಟ್‌ನಲ್ಲಿ ನಾಲ್ಕೂ. ಚಿತ್ರಗಳನ್ನು ಗೈಡ್ ಮುಂದಿಡುವಾಗ ಯಾವುದು ಯಾವ ಬೀಕರಿನದು ಎಂದು ಮೊದಲೇ ಹೇಳಬೇಡಿ, ಅವರೇ ಎಳೆ ಇರುವುದನ್ನು ಆರಿಸಲಿ. ಕರೆಂಟ್ ಹೋದ ಸಂಗತಿಯನ್ನೂ ಥೀಸಿಸ್‌ನಲ್ಲಿ ಬರೆಯಿರಿ, ಸಮಯ ಸಮೇತ. ಆ ದಿನದ ನೋಟ್‌ಬುಕ್ ಪುಟದಲ್ಲಿ ‘ಬಣ್ಣ ಬಂದಿಲ್ಲ’ ಎಂದು ಬರೆದಿದ್ದರೆ ಆ ಪುಟದ ಫೋಟೋವನ್ನು ಅನುಬಂಧಕ್ಕೆ ಹಾಕಿ.